ಕಚ್ಚಾ ಹೊಲಿಗೆಯ ಕೋಟು

ಕೋಟೇನೋ ಚೆನ್ನಾಗಿದೆ ಮಾಸ್ಟರ್, ಹ್ಯಾಂಗರ್ರೇ ಸರಿಯಿಲ್ಲ — ಅಂದವರು ಸೇನೆಯ ಮೇಜರ್ ಸಾಹೇಬರು, ನಕ್ಕವರು ಅವರ ಜೊತೆ ಬಂದ ಇಬ್ಬರು, ಮೂಲೆಯಲ್ಲಿ ಕಾಜಾ ಹಾಕುವ ಮುದುಕ, ಎಲ್ಲರಿಗಿಂತ ಜೋರಾಗಿ ನಕ್ಕವನು ದರ್ಜಿ ಅಂಗಡಿಯ ಮಾಸ್ಟರ್, ಕೋಟು ತೊಟ್ಟು ನಿಂತ ಹುಡುಗನ ಸ್ವಂತ ಸೋದರಮಾವ, ಈಗಷ್ಟೇ ಹಾಕ್ಕೊಳ್ಳೋ ಬೇಗ, ನಿನ್ನದೂ ಸಾಹೇಬ್ರದೂ ಒಂದೇ ಎದೆಯಳತೆ, ಭುಜ ಕೂರುತ್ತೋ ನೋಡೋಣ ಅಂತ ತಾನೇ ತೊಡಿಸಿ ಬೆನ್ನ ಮೇಲೆ ಸೀಮೆಸುಣ್ಣದ ಗೀಟು ಎಳೆದಿದ್ದ ಮಾವ, ಈಗ ಬಿಚ್ಚೋ, ಯಾರನ್ನ ಕೇಳಿ ಹಾಕ್ಕೊಂಡೆ ಅನ್ನುತ್ತಿದ್ದಾನೆ, ಅವನು ಬಿಚ್ಚುತ್ತಿದ್ದಾನೆ, ಮೆಲ್ಲಗೆ, ಕಚ್ಚಾ ಹೊಲಿಗೆಯ ಬಿಳಿ ನೂಲು ಕಿತ್ತುಬರದ ಹಾಗೆ, ಮೈಯೆಲ್ಲ ಉರಿಯುತ್ತಿದ್ದರೂ ಕೈ ಕಸುಬು ಮರೆಯುವುದಿಲ್ಲ, ಗೋಡೆಯ ಮೊಳೆಯಲ್ಲಿ ಖಾಲಿ ಹ್ಯಾಂಗರು ಫ್ಯಾನಿನ ಗಾಳಿಗೆ ತೂಗುತ್ತಿದೆ, ಮರದ ಎರಡು ಭುಜ, ತಲೆಯಿಲ್ಲ — ಹ್ಯಾಂಗರು, ಆಗಲಿ, ಈ ಹ್ಯಾಂಗರು ಇದೇ ಮೇಜರ್ರ ದಾರಿ ಕಾದು ಕಾದು ಸೋತಿತ್ತಲ್ಲ, ಕೇಳುವುದಿತ್ತು, ಬೆಳಗ್ಗೆ ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ ಮಾತು, ಸರ್, ಒಂಬತ್ತರಲ್ಲಿ ಶಾಲೆ ಬಿಟ್ಟೋನು ಹತ್ತನ್ನ ಮನೇಲೇ ಓದಿ ಪಾಸಾಗಿ, ಕಾಲೇಜು ಮುಗಿಸಿ ಬಂದ್ರೆ ಆಫೀಸರ್ ಆಯ್ಕೆಗೆ ಕರೀತಾರಾ, ಇಲ್ಲಾ ಹಣೇಬರಹ ಅಂತ ಸಿಪಾಯಿ ಸಾಲಲ್ಲೇ ನಿಲ್ಲಬೇಕಾ — ಪಾಸಾಗಿದ್ದಾನೆ ಹತ್ತು, ಇಸ್ತ್ರಿ ಮೇಜಿನ ಕೆಳಗೆ ಪುಸ್ತಕ ಬಿಡಿಸಿಟ್ಟು, ಇನ್ನು ಸಂಜೆ ಕಾಲೇಜು, ಬೆಳಗ್ಗೆ ಓಟ, ಕಾಲೇಜಿನ ಎನ್‌ಸಿಸಿ ಪರೇಡು, ಪದವಿ, ಸಂದರ್ಶನ, ತರಬೇತಿ, ಆಮೇಲೆ ಭುಜದ ಮೇಲೆ ನಕ್ಷತ್ರ, ಎಲ್ಲವನ್ನೂ ಕತ್ತರಿಸಿಟ್ಟ ಬಟ್ಟೆಯ ಹಾಗೆ ಮನಸ್ಸಿನಲ್ಲಿ ಜೋಡಿಸಿದ್ದಾನೆ, ಹೊಲಿಯುವುದಷ್ಟೇ ಬಾಕಿ, ಅದಕ್ಕೆ ಮೇಜರ್ರ ಬಾಯಿಂದ ಒಂದು ಹೌದು ಬೇಕು, ಮಾವ ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ್ದ, ಸಾಹೇಬ್ರು ಆಗುತ್ತೆ ಅಂದ್ರೆ ಸಂಜೆ ಹೊತ್ತು ಬಿಡ್ತೀನಿ, ಆಗಲ್ಲ ಅಂದ್ರೆ ಹಗಲುಗನಸು ಬಿಟ್ಟು ಕತ್ತರಿ ಹಿಡಿ — ಒಂಬತ್ತನೇ ತರಗತಿಯಲ್ಲೂ ಇಷ್ಟೇ, ಒಡೆದ ಕಿಟಕಿ, ಒಡೆದದ್ದು ಅವನಲ್ಲ, ಮೇಷ್ಟ್ರು ಎಲ್ಲರ ಮುಂದೆ ಅವನನ್ನೇ ದರ್ಜಿ ಅಂಗಡಿ ಚಿಂದಿ ಅಂದದ್ದು, ಆಮೇಲೆ ತಣ್ಣಗಾಗಿ ಯಾರು ಒಡೆದದ್ದು ಹೇಳಪ್ಪಾ ಅಂದದ್ದು, ಅವನು ಚೀಲ ಹೆಗಲಿಗೇರಿಸಿ ನಡೆದದ್ದು, ನಡೆದವನು ಮತ್ತೆ ಆ ಗೇಟು ಹೊಗಲಿಲ್ಲ, ಅಮ್ಮ ಇವತ್ತಿಗೂ ಅನ್ನುತ್ತಾಳೆ, ಒಂದು ಮಾತಾಡಿದ್ರೆ ಬಾಯಿ ಸವೀತಿತ್ತಾ, ಸಿಟ್ಟಲ್ಲಿ ಕೊಯ್ಕೊಂಡ ಮೂಗು ಶಾಂತವಾದ್ಮೇಲೆ ಬರುತ್ತೇನೋ, ಥೇಟ್ ನಿಮ್ಮಪ್ಪ — ಮರದ ಭುಜ ತೂಗುತ್ತಿದೆ.

ಕೋಟು ಈಗ ಮೇಜರ್ರ ಮೈಮೇಲಿದೆ, ಭುಜ ಕೂತಿದೆ, ಅವನಿಗೆ ಕೂತ ಹಾಗೆಯೇ, ಒಂದು ನೂಲಿನಷ್ಟೂ ಹೆಚ್ಚುಕಡಿಮೆಯಿಲ್ಲ, ಮೇಜರ್ರು ಕನ್ನಡಿ ಬಿಟ್ಟು ಇತ್ತ ತಿರುಗುತ್ತಾರೆ, ದನಿಯಲ್ಲಿ ಕೊಂಕಿಲ್ಲ, ಆಗಿನ ಮಾತು ಆಗಲೇ ಮರೆತಿದ್ದಾರೆ, ಏನೋ ಕೇಳ್ಬೇಕು ಅಂತಿದ್ಯಂತೆ, ನಿಮ್ಮ ಮಾವ ಹೇಳಿದ್ರು, ಕೇಳಪ್ಪಾ — ಮಾವ ಕಣ್ಣಲ್ಲೇ ಕೇಳೋ ಕೇಳೋ ಅನ್ನುತ್ತಿದ್ದಾನೆ, ಮುದುಕನ ಸೂಜಿ ನಿಂತಿದೆ, ಮಾತು ನಾಲಗೆಯ ತುದಿಯಲ್ಲಿದೆ, ಸರ್ ಅಂದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ, ಸರ್ — ಹ್ಯಾಂಗರಿಗೆ ಬಾಯಿ ಎಲ್ಲಿದೆ ಸರ್ — ಚಪ್ಪಲಿ ಮೆಟ್ಟುತ್ತಿದ್ದಾನೆ, ಮೆಟ್ಟಿಲು ಇಳಿಯುತ್ತಿದ್ದಾನೆ, ಲೋ, ಎಲ್ಲಿಗೋ, ಬೀದಿ, ಬಿಸಿಲು, ಯಾರದೋ ಸೈಕಲ್ ಬೆಲ್ಲು, ನಿಲ್ಲು, ಈಗಲೂ ತಿರುಗಬಹುದು, ಕೇಳಿಬಿಡು ಕತ್ತೆ, ಕಾಲು ಮಾತು ಕೇಳುವುದಿಲ್ಲ, ಕಾಲೇಜು, ಓಟ, ಪರೇಡು, ನಕ್ಷತ್ರ, ಮೊಳೆ, ಮೊಳೆಯಲ್ಲಿ ತೂಗುತ್ತಿರುವ ಮರದ ಎರಡು ಭುಜ, ತಲೆಯಿಲ್ಲ, ಮರದ ಎರಡು ಭುಜ —