ಆರನೇ ಕಂತಿನ ನಲವತ್ತು ಸೆಕೆಂಡು

ಹಿರಿಯ ನಟಿ ವರ್ನಾ ಹ್ಯಾಲ್ಡೇನ್ ಅವರಿಗೆ ಕಳಿಸುವ ಧನ್ಯವಾದದ ಕಾರ್ಡಿನಲ್ಲಿ ಏನು ಬರೆಯಲಿ ಎಂದು ತೋಚದೆ ಆ ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಫೆಬ್ರವರಿಯ ದಿನಚರಿ ತೆರೆದೆ. ಅವರು ಹೊದ್ದಿದ್ದ ಶಾಲಿನ ಬಣ್ಣ ನೆನಪಾಗಬೇಕಿತ್ತು, ಅಷ್ಟೆ. ಬಣ್ಣ ಸಿಕ್ಕಿತು, ಸಾಸಿವೆ ಹಳದಿ. ಅದರ ಕೆಳಗೆ ಒಂದು ಪುಟ ತುಂಬ ಅವರು ಹೇಳಿದ್ದು. ಕೊನೆಯಲ್ಲಿ, "ಇದನ್ನ ಹಾಕ್ಬೇಡಮ್ಮ ಅಂದರು. ತಲೆಯಾಡಿಸಿದೆ."

ಇದನ್ನು ದಿನಚರಿಯಲ್ಲಿ ಬರೆದಿದ್ದೇನೆ. ಕೆಲಸದ ಹಾಳೆಯಲ್ಲಿ ಬರೆದೆನೇ?

ನಮ್ಮದು ಹ್ಯಾಮಿಲ್ಟನ್‌ನಲ್ಲಿ, ಮುಚ್ಚಿಹೋದ ಒಂದು ಬೂಟಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಜನರ ಕಂಪನಿ. ಊರೆಲ್ಲ ಮರೆತ, ಕೆಲವರು ಮಾತ್ರ ಮರೆಯಲೊಲ್ಲದ ಹಳೆಯ ಧಾರಾವಾಹಿ, ಪಿಶಾಚಿ ಸಿನಿಮಾಗಳನ್ನು ಹುಡುಕಿ ತಂದು, ಗೀರು ಧೂಳು ತೆಗೆದು, ಬ್ಲೂ-ರೇ ಡಿಸ್ಕ್ ಮಾಡುತ್ತೇವೆ. ಇತಿಹಾಸದಲ್ಲಿ ಪದವಿ ಮುಗಿಸಿ, ಸಂದರ್ಶನಗಳಲ್ಲೆಲ್ಲ ಬಾಯಿ ಒಣಗಿ ಸೋತ ಮೇಲೆ ನನಗೆ ಸಿಕ್ಕ ಕೆಲಸ ಇದು. ಕತ್ತಲೆ ಕೋಣೆಯಲ್ಲಿ ಒಬ್ಬಳೇ ಕೂತು ತಪ್ಪು ಹುಡುಕುವುದು. ಯಾರೊಂದಿಗೂ ಮಾತಾಡಬೇಕಿಲ್ಲ.

ಈ ಸಲದ್ದು ‘ಮಂಜಿನಾಚೆಯ ಠಾಣೆ’. ಎಪ್ಪತ್ತರ ದಶಕದ ಹದಿಮೂರು ಕಂತು. ರಾಕ್ಷಸರೆಲ್ಲ ಹಳೆಯ ಜಮಖಾನ ಹೊದ್ದವರು. ಆದರೆ ಆರನೇ ಕಂತಿನಲ್ಲಿ ನಾಯಕ ಡಗಲ್ ರೀವ್ ಇದ್ದಕ್ಕಿದ್ದಂತೆ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಲವತ್ತು ಸೆಕೆಂಡು ಸುಮ್ಮನೆ ನಿಲ್ಲುತ್ತಾನೆ. ಯಾಕೆ? ಅಭಿಮಾನಿಗಳು ಅರ್ಧ ಶತಮಾನದಿಂದ ಇದಕ್ಕಾಗಿ ಕಿತ್ತಾಡುತ್ತಿದ್ದಾರೆ. ಡಗಲ್ ತೀರಿಕೊಂಡು ಬಹಳ ವರ್ಷವಾಯಿತು. ನಟರಲ್ಲಿ ಬದುಕುಳಿದವರು ವರ್ನಾ ಒಬ್ಬರೇ. ಎಂಬತ್ನಾಲ್ಕರ ಅವರನ್ನು ಕರೆಸಿ, ಕಂತು ತೋರಿಸುತ್ತ, ಡಿಸ್ಕಿನಲ್ಲಿ ದೃಶ್ಯದ ಜೊತೆಗೆ ಕೇಳಿಸುವ ಕಾಮೆಂಟರಿ ಧ್ವನಿಮುದ್ರಿಸಿದೆವು. ಪ್ರಶ್ನೆ ಕೇಳುವವನು ನಮ್ಮ ಯಜಮಾನ ಲೈಲ್ ಪೆಟ್ರೋನ್. ಯಂತ್ರ ನೋಡಿಕೊಳ್ಳುವವಳು ನಾನು.

ಆರನೇ ಕಂತಿನ ನಡುವೆ ಲೈಲ್ ಕಾಫಿ ತರಲು ಹೋದ. ಯಂತ್ರ ಓಡುತ್ತಲೇ ಇತ್ತು. ಪರದೆಯಲ್ಲಿ ಡಗಲ್ ಬೆನ್ನು ತಿರುಗಿಸಿದಾಗ ವರ್ನಾ ಕಾರಣ ಹೇಳಿಬಿಟ್ಟರು, ನನಗೋ, ಅವನ ಬೆನ್ನಿಗೋ. ಆ ಬೆಳಿಗ್ಗೆ ಬಣ್ಣ ಹಚ್ಚುವ ಕೋಣೆಯಲ್ಲಿ ಅವರು ಅವನಿಗೆ ತಿಳಿಸಿದ ಒಂದು ಸುದ್ದಿ. ಒಂದು ಮಗುವಿನ ವಿಷಯ ಎಂದಷ್ಟೇ ಇಲ್ಲಿ ಬರೆಯುತ್ತೇನೆ. ಆ ಮಗುವಿಗೆ ಈಗ ಐವತ್ತು ದಾಟಿದೆ, ಇಂದಿಗೂ ಈ ವಿಷಯ ಗೊತ್ತಿಲ್ಲ.

ಕತ್ತರಿಸಬೇಕಾದ ಮಾತಿದ್ದರೆ ಹಾಳೆಯಲ್ಲಿ ಕೆಂಪು ಗುರುತು ಹಾಕುವುದು ನನ್ನ ಕೆಲಸ. ಗುರುತಿಲ್ಲದ್ದು ಹಾಗೆಯೇ ಉಳಿಯುತ್ತದೆ. ಕಚೇರಿ ತಲುಪಿದವಳೇ ಕೋಟನ್ನೂ ಬಿಚ್ಚದೆ ಹಾಳೆ ಹುಡುಕಿದೆ. ಆರನೇ ಕಂತು: "ತೊಂದರೆ ಏನಿಲ್ಲ." ಸಹಿ ನನ್ನದೇ. ಆ ದಿನ ಮನಸ್ಸು ತುಂಬಿಬಂದು ಎಲ್ಲವನ್ನೂ ದಿನಚರಿಗೆ ಸುರಿದು, ಬರೆದಾಯಿತು ಎಂಬ ನೆಮ್ಮದಿಯಲ್ಲಿ ಹಾಳೆಯನ್ನೇ ಮರೆತಿದ್ದೆ.

ಅಚ್ಚಿಗೆ ಮುಂಚೆ ತಪಾಸಣೆಗೆಂದು ಪರೀಕ್ಷೆಯ ಡಿಸ್ಕ್ ಬಂದಾಗಲಾದರೂ ಕೇಳಬೇಕಿತ್ತು. "ನೀನೇ ಅಲ್ಲಿ ಕೂತಿದ್ಯಲ್ಲ, ಕಾಮೆಂಟರಿ ಪೂರ್ತಿ ಕೇಳ್ಬೇಡ, ಶುರು, ಕೊನೆ ಮಾತ್ರ ನೋಡ್ಬಿಡು," ಎಂದಿದ್ದ ಲೈಲ್. ಹಾಗೇ ಮಾಡಿದ್ದೆ.

ಡಿಸ್ಕ್ ಹಾಕಿ ಆರನೇ ಕಂತಿನ ಇಪ್ಪತ್ತೆರಡನೇ ನಿಮಿಷಕ್ಕೆ ಹೋದೆ. ಇತ್ತು. ಶಾಲು ಸರಿಸಿದ ಸದ್ದೂ ಇತ್ತು. ಗಂಟೆ ಹತ್ತೂಕಾಲು. ಹನ್ನೆರಡಕ್ಕೆ ಕಾರ್ಖಾನೆಯಲ್ಲಿ ಡಿಸ್ಕುಗಳ ಅಚ್ಚು ಶುರು. ನಿಲ್ಲಿಸಬೇಕೆಂದರೆ ಲೈಲೇ ಹೇಳಬೇಕು.

ಅವನ ಬಾಗಿಲ ಮುಂದೆ ಎಷ್ಟು ಹೊತ್ತು ನಿಂತೆನೋ. ಮೊದಲ ವಾಕ್ಯವನ್ನು ಬಾಯಲ್ಲೇ ನಾಲ್ಕು ಸಲ ಜೋಡಿಸಿ ಒಡೆದೆ.

"ಏನ್ ಕೋರಾ, ಬಾಗಿಲಿಗೆ ಬಣ್ಣ ಬಳಿಯೋಕ್ ಬಂದ್ಯಾ? ಒಳಗ್ ಬಾ ಮಾರಾಯ್ತಿ."

ಹೇಳಿದೆ. ಅವನು ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಐವತ್ತೇಳರ ಮನುಷ್ಯ. ಹುಡುಗನಾಗಿದ್ದಾಗ ಈ ಧಾರಾವಾಹಿಯ ಧ್ವನಿಯನ್ನು ಟೀವಿಯ ಮುಂದೆ ಟೇಪ್‌ರೆಕಾರ್ಡರ್ ಹಿಡಿದು ತುಂಬಿಸಿಕೊಂಡು, ಅದನ್ನು ಕೇಳುತ್ತಲೇ ಬೆಳೆದವನು. ಹೆಡ್‌ಫೋನ್ ತೆಗೆದಾಗ ಕಣ್ಣು ಒದ್ದೆಯಾಗಿತ್ತು.

"ಐವತ್ತು ವರ್ಷ ಕೋರಾ! ಐವತ್ತು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೀವಿ. ಉತ್ತರ ನಮ್ಮ ಡಿಸ್ಕಲ್ಲೇ ಇದೆ. ಇದನ್ನ ಕತ್ತರಿಸು ಅಂತೀಯಲ್ಲ!"

"ಅವ್ರು ಬೇಡ ಅಂದ್ರು."

"ಕಾಗದಕ್ಕೆ ಸಹಿ ಹಾಕಿದ್ದಾರೆ. ರೆಕಾರ್ಡ್ ಆಗಿದ್ದೆಲ್ಲ ಬಳಸ್ಕೋಬಹುದು ಅಂತ."

"ನಾನು ಆಯ್ತು ಅಂದೆ."

"ನಿನ್ ಧ್ವನಿ ಎಲ್ಲೂ ಕೇಳ್ಲಿಲ್ವಲ್ಲ."

"ತಲೆ ಆಡಿಸ್ದೆ."

"ತಲೆ ಆಡಿಸಿದ್ದು ಟೇಪಲ್ಲಿ ಬರತ್ತೇನೇ?" ನಕ್ಕ. ಕೆಟ್ಟ ನಗುವಲ್ಲ, ಅದೇ ಇನ್ನೂ ಕಷ್ಟ. "ವಯಸ್ಸಾದವ್ರು. ಹೇಳಿದ್ದೇ ಮರ್ತಿರ್ತಾರೆ ಬಿಡು."

ಗಂಟೆ ಹನ್ನೊಂದು ದಾಟಿತ್ತು. ನನಗೆ ಫೋನೆಂದರೆ ಭಯ. ಪಿಜ್ಜಾ ತರಿಸುವುದಕ್ಕೂ ತಂಗಿಯನ್ನು ಕಾಡುತ್ತೇನೆ. ಆದರೂ ಅವನ ಮೇಜಿನ ಮೇಲಿದ್ದ ಫೋನನ್ನೇ ಎತ್ತಿ, ವರ್ನಾ ಇರುವ ವೃದ್ಧಾಶ್ರಮದ ನಂಬರು ಒತ್ತಿ, ಸ್ಪೀಕರ್ ಹಾಕಿದೆ. ಲೈಲ್ ತಡೆಯಲಿಲ್ಲ. ಆಶ್ಚರ್ಯಕ್ಕಿರಬೇಕು.

ಅತ್ತ ಯಾರೋ ಅವರನ್ನು ಕರೆತರಲು ಹೋದರು. ಹನ್ನೊಂದೂವರೆ. ಪಿಯಾನೋ, ಪಾತ್ರೆ, ಯಾರದೋ ಕೆಮ್ಮು. ಹನ್ನೊಂದು ನಲವತ್ತು.

"ಯಾರಮ್ಮಾ? ಇಸ್ಪೀಟಲ್ಲಿ ಗೆಲ್ತಾ ಇದ್ದೆ, ಬೇಗ ಹೇಳು."

"ನಾನು... ಕೋರಾ. ಡಿಸ್ಕ್ ಕಂಪನಿಯಿಂದ. ರೆಕಾರ್ಡಿಂಗ್ ದಿನ..."

"ಓ, ಬಾಯೇ ಬಿಡದ ಹುಡುಗಿ! ತಲೆ ಆಡಿಸ್ದವ್ಳು."

ಲೈಲ್ ಕುರ್ಚಿಯಲ್ಲಿ ನೇರವಾದ.

"ಹೌದಮ್ಮ. ನೀವು ಹಾಕ್ಬೇಡ ಅಂದ ಮಾತು..."

"ಅದಾ? ನಾಲಿಗೆ ಜಾರಿ ಹೇಳ್ಬಿಟ್ನಲ್ಲ ಅಂತ ಅವತ್ತು ಟ್ಯಾಕ್ಸೀಲಿ ಒದ್ದಾಡ್ಬಿಟ್ಟೆ. ಆಮೇಲೆ ನೀನು ತಲೆ ಆಡಿಸಿದ್ದು ನೆನಪಾಯ್ತು. ಹಾಯಾಗಿ ನಿದ್ದೆ ಮಾಡ್ದೆ. ಈಗ್ಯಾಕೆ ಅದರ ಮಾತು? ಏನಾದ್ರೂ ಆಗಿದ್ಯಾ?"

ಲೈಲನನ್ನೇ ನೋಡುತ್ತ ನಿಂತೆ. ಅವನು ಕಿಟಕಿ ನೋಡಿದ, ಗಡಿಯಾರ ನೋಡಿದ. ಕೊನೆಗೆ ಬಗ್ಗಿ ಫೋನಿನ ಹತ್ತಿರ ಬಂದ.

"ಏನೂ ಆಗಿಲ್ಲ ವರ್ನಮ್ಮ, ಲೈಲ್ ನಾನು. ಕೋರಾ ಎಲ್ಲಾ ಸರಿ ಮಾಡಿದ್ದಾಳೆ ಅಂತ ಹೇಳೋಕ್ ಫೋನ್ ಮಾಡಿದ್ವಿ. ಹೋಗಿ, ಗೆಲ್ಲಿ."

ಫೋನಿಟ್ಟು, ಕಾರ್ಖಾನೆಗೆ ಕರೆ ಮಾಡಿ ಅಚ್ಚು ನಿಲ್ಲಿಸಲು ಹೇಳಿದ. ಅಲ್ಲಿಯವನು ಬೈದದ್ದು ನನಗೂ ಕೇಳಿಸಿತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಯಂತ್ರ ಶುರುವಾಗುತ್ತಿತ್ತಂತೆ. ಬಿಡುಗಡೆ ಐದು ವಾರ ಮುಂದಕ್ಕೆ ಹೋಯಿತು.

ಆಮೇಲೆ ಲೈಲ್ ಎರಡು ವಾರ ನನ್ನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಬಂದು ಪರೀಕ್ಷೆಯ ಡಿಸ್ಕನ್ನೂ ಕತ್ತರಿಯನ್ನೂ ನನ್ನ ಮೇಜಿನ ಮೇಲಿಟ್ಟ.

"ಮೂಲ ಧ್ವನೀಲಿ ಆ ಮಾತು ಅಳಿಸಾಯ್ತು. ಇನ್ನು ಇರೋದು ಇದೊಂದೇ ಪ್ರತಿ. ನೀನೇ ಮಾಡು. ನಾನು ಜನ್ಮದಲ್ಲಿ ಒಂದು ಡಿಸ್ಕೂ ಎಸೆದವನಲ್ಲ, ನನ್ ಕೈಲಾಗಲ್ಲ." ಬೆನ್ನು ತಿರುಗಿಸಿ ನಿಂತ. ಡಿಸ್ಕ್ ಸುಲಭಕ್ಕೆ ತುಂಡಾಗಲಿಲ್ಲ. ಅವನು ಹೋದ ಮೇಲೆ ಅದೇ ಕತ್ತರಿಯಿಂದ ಫೆಬ್ರವರಿಯ ಆ ಪುಟವನ್ನೂ ಕತ್ತರಿಸಿದೆ. ಹನ್ನೊಂದು ವರ್ಷದ ದಿನಚರಿಯಲ್ಲಿ ನಾನು ತೆಗೆದ ಮೊದಲ ಪುಟ.

ಡಿಸ್ಕ್ ಜುಲೈಯಲ್ಲಿ ಬಂತು. ಇಪ್ಪತ್ತೆರಡನೇ ನಿಮಿಷದಲ್ಲಿ ವರ್ನಾ ಮಾತಿಲ್ಲ. ಡಗಲ್ ಬೆನ್ನು ಹಾಕಿ ನಿಂತಿರುತ್ತಾನೆ, ಸ್ಟುಡಿಯೋದ ಫ್ಯಾನಿನ ಸದ್ದು ಮಾತ್ರ ಕೇಳುತ್ತದೆ. ವಾರದೊಳಗೆ ಅಭಿಮಾನಿಗಳ ವೇದಿಕೆಯಲ್ಲಿ ಒಬ್ಬ ಬರೆದ: "ಇಡೀ ಧಾರಾವಾಹಿಯಲ್ಲಿ ಮುಖ್ಯವಾದ ದೃಶ್ಯ, ಅಲ್ಲೇ ನಲವತ್ತು ಸೆಕೆಂಡು ಕಾಮೆಂಟರಿ ಇಲ್ಲ! ತಪಾಸಣೆ ಮಾಡಿದ ಕೋರಾ ಮಲ್ಚಕ್ ನಿದ್ದೆ ಹೊಡೀತಿದ್ರಾ?" ಕೆಳಗೆ ಅರವತ್ತೆರಡು ಜನ ಹೌದು ಹೌದು ಎಂದಿದ್ದರು. ನನ್ನ ಹೆಸರು ಡಿಸ್ಕಿನ ಜೊತೆಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ ಅಚ್ಚಾಗಿತ್ತು, ಮೊದಲ ಸಲ.

ಇಂಥವಕ್ಕೆ ಉತ್ತರಿಸುವ ಕೆಲಸವೂ ನನ್ನದೇ. ಕತ್ತರಿಸಿದೆವು ಎಂದರೆ ಅಲ್ಲೇನಿತ್ತು ಎಂದು ಕೆದಕುತ್ತಾರೆ. "ಕ್ಷಮಿಸಿ. ಪೂರ್ತಿ ಕೇಳದೆ ಸಹಿ ಹಾಕಿದ್ದೆ," ಎಂದು ಬರೆದು ಕಳಿಸಿದೆ.