ಒಬ್ಬನಿಗೆ ನಾಲ್ಕಿಂಚು

ಮಗ ಜೀಪನ್ನು ನಾಲ್ಕು ಇಂಚು ಎತ್ತರಿಸಲು ಹೊರಟಿದ್ದಾನೆಂದು ಸುವರ್ಣಮ್ಮನಿಗೆ ತಿಳಿದದ್ದು ರಾತ್ರಿ ಊಟಕ್ಕೆ ಕೂತಾಗ. ಸಂಜಯ ಬಲಗೈಯಲ್ಲಿ ಮುದ್ದೆ ಮುರಿಯುತ್ತ ಎಡಗೈಯಲ್ಲಿ ಫೋನು ಮುಂದೆ ಹಿಡಿದ. ಅದರಲ್ಲಿ ಯಾವುದೋ ಜೀಪು ಬಂಡೆಗೆ ಮೈ ತಾಗಿಸಿ ಒಂದು ಚಕ್ರ ಮೇಲೆತ್ತಿ ನಿಂತಿತ್ತು.

"ಕಂಬ ಕಂಡ ನಾಯಿ ಹೀಗೇ ನಿಲ್ಲೋದು," ಎಂದಳು ಸುವರ್ಣಮ್ಮ.

"ನಿಂಗೆ ಅರ್ಥ ಆಗಲ್ಲ ಬಿಡಮ್ಮಾ. ಇದು ಸಸ್ಪೆನ್ಶನ್ ಲಿಫ್ಟು. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎಲ್ಲಾ ಬದಲಾಯಿಸಿ ಗಾಡೀನ ಮೇಲೆತ್ತೋದು. ಎಂಥಾ ಹಳ್ಳಕ್ಕಿಳಿದ್ರೂ ತಳ ತಾಗಲ್ಲ."

"ಯಾವ ಹಳ್ಳ ಮಾರಾಯ? ವಿದ್ಯಾನಗರದಿಂದ ಭದ್ರಾವತಿಗೆ ಡಾಂಬರು ರಸ್ತೆ. ನೀನು ಇಳಿಯೋ ಹಳ್ಳ ಅಂದ್ರೆ ನಮ್ಮನೆ ಮುಂದಿನ ಚರಂಡಿ ಒಂದೇ."

ಸಂಜಯ ಗೊಬ್ಬರದ ಕಂಪನಿಯೊಂದರ ಏರಿಯಾ ಮ್ಯಾನೇಜರು. ವಾರದಲ್ಲಿ ಆರು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎ.ಸಿ. ಹಾಕಿಕೊಂಡು ಭದ್ರಾವತಿಯ ಆಫೀಸಿಗೆ ಹೋಗಿ ಬರುತ್ತಿದ್ದ. ಏಳನೆಯ ದಿನ ಮಾತ್ರ ಅವನ ಮೈಯಲ್ಲಿ ಬೇರೆಯವನೊಬ್ಬ ಎದ್ದು ಕೂರುತ್ತಿದ್ದ. 'ಮಡ್ ಬ್ರದರ್ಸ್' ಎಂಬ ಹನ್ನೊಂದು ಜನರ ಗುಂಪು ಆಯನೂರಿನ ಆಚೆ ಒಂದು ಹಾಳುಬಿದ್ದ ಕಲ್ಲುಕ್ವಾರಿಯಲ್ಲಿ ಸೇರುತ್ತಿತ್ತು. ಒಬ್ಬ ಕೆಸರಿನಲ್ಲಿ ಹೂತುಕೊಳ್ಳುವುದು, ಇನ್ನೊಬ್ಬ ಹಗ್ಗ ಕಟ್ಟಿ ಎಳೆಯುವುದು, ಉಳಿದ ಒಂಬತ್ತು ಜನ ಫೋಟೋ ತೆಗೆಯುವುದು. ಆಮೇಲೆ ಎಲ್ಲರೂ ಸೇರಿ ಬೆಣ್ಣೆ ದೋಸೆ ತಿಂದು, ಮನೆಗೆ ಬಂದು, ಕೆಸರು ಬಟ್ಟೆಯನ್ನು ಹೆಂಡತಿಯರ ಮುಂದೆ ಬಿಸಾಕುವುದು. ಗದ್ದೆಯಲ್ಲಿ ನಾಟಿ ಮಾಡಿಯೇ ಬೆಳೆದ ಸುವರ್ಣಮ್ಮನಿಗೆ, ಕಾಸು ಕೊಟ್ಟು ಕೆಸರು ಮೆತ್ತಿಕೊಳ್ಳುವ ಈ ಗಂಡಸರನ್ನು ನೋಡಿದರೆ ನಗುವೂ ಬರುತ್ತಿತ್ತು, ಮೈಯೂ ಉರಿಯುತ್ತಿತ್ತು.

ಗುಂಪಿನ ಯಜಮಾನ ಪ್ರಸನ್ನಕುಮಾರ್. ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಸುತ್ತಲಿನ ಸೈಟು ತೋರಿಸಿಯೇ ದುಂಡಗಾದವನು. ಅವನ ಜೀಪು ನಾಲ್ಕು ಇಂಚು ಎತ್ತರವಿತ್ತು. ಆದ್ದರಿಂದ ಸಂಜಯನ ಜೀಪು ಎಷ್ಟು ಎತ್ತರವಿರಬೇಕೆಂದು ವಾಟ್ಸಾಪಿನಲ್ಲಿ ಮತ ಹಾಕಿಸಿದಾಗ ಎಂಟು ಜನ ನಾಲ್ಕು ಇಂಚು ಎಂದರು, ಇಬ್ಬರು ಆರು ಎಂದರು. ಒಬ್ಬ ಎರಡು ಇಂಚು ಸಾಕು ಎಂದಿದ್ದ. ಬೆರಳು ತಪ್ಪಿ ಒತ್ತಿದ್ದೆಂದು ಆಮೇಲೆ ಕ್ಷಮೆ ಕೇಳಿದ.

ಆದರೆ ಸುವರ್ಣಮ್ಮನಿಗೆ ಇದು ಬರೀ ನಗುವ ಸಂಗತಿಯಾಗಿರಲಿಲ್ಲ. ಮಾಚೇನಹಳ್ಳಿಯ ಕಾರ್ಖಾನೆಗಳ ನಡುವೆ ತಗಡಿನ ಶೆಡ್ಡಿನಲ್ಲಿ ಆಕೆ ಹನ್ನೊಂದು ವರ್ಷದಿಂದ ಊಟದ ಕ್ಯಾಂಟೀನು ನಡೆಸುತ್ತಿದ್ದಳು. ಮಧ್ಯಾಹ್ನ ಹನ್ನೆರಡೂವರೆಗೆ ಸೈರನ್ ಕೂಗಿತೆಂದರೆ ಅರವತ್ತು ಜನ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಅಲ್ಲಿ ಅನ್ನ ಬೇಯಿಸಲಷ್ಟೇ ಜಾಗ. ಸಾರು, ಪಲ್ಯ ಮನೆಯಲ್ಲೇ ಆಗಬೇಕು. ಬೆಳಿಗ್ಗೆ ಎರಡು ದೊಡ್ಡ ಕೊಳಗಗಳ ಬಾಯಿಗೆ ಒದ್ದೆ ಬಟ್ಟೆ ಬಿಗಿದು ಜೀಪಿನ ಹಿಂದೆ ಇಟ್ಟು, ಸೊಸೆ ಲಿಖಿತಾ ಅವುಗಳ ಪಕ್ಕ ಕೂತು, ಸುವರ್ಣಮ್ಮ ಮುಂದೆ ಹತ್ತಿ, ಮಗ ಇಬ್ಬರನ್ನೂ ದಾರಿಯಲ್ಲಿ ಇಳಿಸಿ ಹೋಗುವುದು ನಡೆದುಬಂದ ಕ್ರಮ. ಲಿಖಿತಾ ಭದ್ರಾವತಿಯ ಶಾಲೆಯೊಂದರಲ್ಲಿ ಟೀಚರು.

ಸುವರ್ಣಮ್ಮನ ಎರಡೂ ಮಂಡಿ ಸವೆದಿದ್ದವು. ಆದರೂ ಡ್ಯಾಶ್‌ಬೋರ್ಡಿನ ಹಿಡಿ ಹಿಡಿದು, ಎಡಗಾಲು ಮೆಟ್ಟಿಲಿಗೆ ಕೊಟ್ಟು, ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಮೇಲೇರುವುದನ್ನು ಆಕೆ ಅಭ್ಯಾಸ ಮಾಡಿಕೊಂಡಿದ್ದಳು. ಯಾರೂ ಕೈ ಹಿಡಿಯಬೇಕಿರಲಿಲ್ಲ. ಇನ್ನೂ ನಾಲ್ಕು ಇಂಚು ಏರುವ ಶಕ್ತಿ ಆ ಮಂಡಿಗಳಲ್ಲಿ ಇರಲಿಲ್ಲ. ಅದು ಆಕೆಗೆ ಗೊತ್ತಿತ್ತು.

"ನಾನು ಹತ್ತೋದು ಹೇಗೋ?" ಎಂದು ಕೇಳಿದಳು.

"ಒಂದು ಸ್ಟೂಲ್ ಇಟ್ಕೊಂಡ್ರಾಯ್ತು," ಎಂದ ಸಂಜಯ, ಫೋನಿನಿಂದ ಕಣ್ಣು ತೆಗೆಯದೆ. "ಇಲ್ಲಾಂದ್ರೆ ಕ್ಯಾಂಟೀನ್ ನಿಲ್ಸಮ್ಮಾ. ಎಷ್ಟು ವರ್ಷ ಅಂತ ಸೌಟು ಹಿಡ್ಕೊಂಡು ನಿಲ್ತೀಯ? ನೋಡೋರಿಗೂ ಚೆನ್ನಾಗಿರಲ್ಲ."

ಆ ಸೌಟಿನಿಂದಲೇ ಅವನ ಡಿಗ್ರಿ ಮುಗಿದಿತ್ತು. ಅದನ್ನು ಎತ್ತಿ ಆಡುವುದು ಸುವರ್ಣಮ್ಮನ ಜಾಯಮಾನವಲ್ಲ. ಎದ್ದು ತಟ್ಟೆ ತೊಳೆದಳು.

ಮಾಚೇನಹಳ್ಳಿಯಲ್ಲಿ ಕ್ಯಾಂಟೀನಿನ ಹಿಂದೆಯೇ ಕಾಂತರಾಜನ ವರ್ಕ್‌ಶಾಪು. ಅವನ ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣದ ಜೊತೆ ಬದುಕು ಸವೆಸಿದವನು. ಕಾಂತರಾಜ ಸ್ಪ್ರಿಂಗು ಮುಟ್ಟಿದರೆ ಆ ಗಾಡಿ ಎರಡನೇ ಸಲ ದೂರು ಹೊತ್ತು ಬರುತ್ತಿರಲಿಲ್ಲ. ಅವನದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಲಿಫ್ಟು ಬೇಕೆಂದು ಯಾರೇ ಬರಲಿ, ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಬರೆಯುತ್ತಿದ್ದ: ದಿನಾ ಗಾಡಿಯಲ್ಲಿ ಯಾರ್ಯಾರು, ದಿನಾ ಹೇರುವ ಸಾಮಾನು ಏನು. ಅಷ್ಟೂ ಜನರನ್ನು ಕರೆತಂದು ಗಾಡಿಯಲ್ಲಿ ಕೂರಿಸಿ, ಸಾಮಾನನ್ನೂ ಹೇರಿಸಿ, ಗಾಡಿ ಎಷ್ಟು ಕುಗ್ಗುತ್ತದೆಂದು ಅಳೆದ ಮೇಲೆಯೇ ಯಾವ ಸ್ಪ್ರಿಂಗು, ಎಷ್ಟು ಎತ್ತರ ಎಂಬ ಮಾತು.

"ಖಾಲಿ ಗಾಡಿ ಅಳೆಯೋದು ಅಂದ್ರೆ, ಹಸಿದ ಹೊಟ್ಟೇಲಿ ಪ್ಯಾಂಟಿಗೆ ಅಳತೆ ಕೊಟ್ಟಂಗೆ," ಎನ್ನುತ್ತಿದ್ದ. ಮಡ್ ಬ್ರದರ್ಸ್ ಇದಕ್ಕೆ ನಕ್ಕಿದ್ದೇ ನಕ್ಕಿದ್ದು. ಲಿಫ್ಟಿಗೆ ದಿಬ್ಬಣ ಕರೆದುಕೊಂಡು ಹೋಗಬೇಕಂತೆ ಎಂದು ಗುಂಪಿನಲ್ಲಿ ಬರೆದುಕೊಂಡರು. ಆದರೆ ಪ್ರಸನ್ನಕುಮಾರನ ಜೀಪಿನ ಸ್ಟೀರಿಂಗು ಎಂಬತ್ತರ ವೇಗದಲ್ಲಿ ಥರಥರ ನಡುಗಿದಾಗ ಗುಟ್ಟಾಗಿ ಬಂದು ಸರಿ ಮಾಡಿಸಿಕೊಂಡು ಹೋದದ್ದು ಇದೇ ಕಾಂತರಾಜನ ಹತ್ತಿರ.

ಗುರುವಾರ ಮಧ್ಯಾಹ್ನ ಕಾಂತರಾಜ್ ತಟ್ಟೆ ಹಿಡಿದು ಬಂದವನು ಸಾರಿಗೆ ಅದನ್ನು ಒಡ್ಡದೆ ನಿಂತ.

"ಅಮ್ಮಾ, ಕ್ಯಾಂಟೀನ್ ಮುಚ್ತಿದೀರಂತೆ? ಒಂದು ಮಾತು ನಮಗೆ ಹೇಳ್ಬಾರದಿತ್ತಾ?"

"ಯಾರೋ ಹೇಳಿದ್ದು ನಿಂಗೆ?"

"ಹೇಳ್ಲಿಲ್ಲ, ನಾನೇ ಅಂದ್ಕೊಂಡೆ. ನಿನ್ನೆ ಸಂಜಯ್ ಸಾರ್ ಬಂದಿದ್ರಲ್ಲ..." ಎಂದವನು ನಾಲಿಗೆ ಕಚ್ಚಿಕೊಂಡ.

ಸೈರನ್ ಮತ್ತೆ ಕೂಗಿ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಸುವರ್ಣಮ್ಮ ಸೆರಗಿಗೆ ಕೈ ಒರೆಸಿಕೊಂಡು ವರ್ಕ್‌ಶಾಪಿಗೆ ನಡೆದಳು. ನೆಲದ ಮೇಲೆ ಜೀಪಿನ ನಂಬರು, ಅದರ ಕೆಳಗೆ ಕಾಂತರಾಜನ ದುಂಡು ಅಕ್ಷರ.

ದಿನಾ ಜನ: ನಾನೊಬ್ಬನೇ.

ಸಾಮಾನು: ಇಲ್ಲ.

ಹನ್ನೊಂದು ವರ್ಷ, ಎರಡು ಕೊಳಗ ಸಾರು, ಒಬ್ಬಳು ಹೆಂಡತಿ, ಒಬ್ಬಳು ತಾಯಿ. ಒಂದು ಸೀಮೆಸುಣ್ಣದ ಗೆರೆಯಲ್ಲಿ ಎಲ್ಲವೂ ಇಲ್ಲವಾಗಿತ್ತು. ತಾಯಿ ದಿನಾ ಹತ್ತುವ ಗಾಡಿಯೆಂದರೆ ಕಾಂತರಾಜ್ ಎರಡು ಇಂಚಿಗೆ ಮೇಲೆ ಹೋಗುವುದಿಲ್ಲವೆಂದು ಗೊತ್ತಿದ್ದೇ ಸಂಜಯ ಸುಳ್ಳು ಬರೆಸಿದ್ದ. ಬಸ್ಸಿನಲ್ಲಿ ಯಾರೋ ಕಾಲು ತುಳಿದರೂ ತಿರುಗಿ ಬಯ್ಯುವ ಸುವರ್ಣಮ್ಮ, ಬಗ್ಗಿ ಆ ಎರಡು ಸಾಲನ್ನು ಇನ್ನೊಮ್ಮೆ ಓದಿದಳು.

"ಅಮ್ಮಾ, ನೀವು ಹೂಂ ಅನ್ನಿ ಸಾಕು," ಎಂದ ಕಾಂತರಾಜ್. "ಎರಡಿಂಚು ಹಾಕ್ತೀನಿ, ಮೆತ್ತಗಿನ ಸ್ಪ್ರಿಂಗು. ನಿಮ್ಮ ಕಡೆ ಒಂದು ಮೆಟ್ಟಿಲು ಕೆಳಗಿಳಿಸಿ ಕೂರಿಸ್ತೀನಿ. ಸಾರು ಅಲ್ಲಾಡಲ್ಲ. ಸಾರ್ ತರಿಸಿರೋ ಗಡಸು ಸ್ಪ್ರಿಂಗು ಕಬ್ಬಿಣದ ಬಂಪರು, ಗಿಂಪರು ಹೊತ್ತಿರೋ ಗಾಡಿಗೆ. ಒಬ್ಬರೇ ಕೂತ್ರೆ ಡಾಂಬರಿನ ಮೇಲೂ ಎಗರುತ್ತೆ."

ಒಂದು ಹೂಂ ಎಂದಿದ್ದರೆ ಆಗುತ್ತಿತ್ತು. ಆದರೆ ಮಗನ ಗಾಡಿಯಲ್ಲಿ ಮೆಕ್ಯಾನಿಕ್ಕಿನ ದಾಕ್ಷಿಣ್ಯದಿಂದ ಜಾಗ ಪಡೆಯುವಷ್ಟು ಬಡವಿ ತಾನಲ್ಲ ಎನ್ನಿಸಿತು ಆಕೆಗೆ.

"ಅವನು ಹೇಳಿದ ಹಾಗೇ ಮಾಡಪ್ಪ," ಎಂದಳು. "ಒಬ್ಬನಿಗೆ ನಾಲ್ಕಿಂಚು. ನಾನು ಇದನ್ನ ನೋಡಿದ್ದು ಅವನಿಗೆ ಹೇಳ್ಬೇಡ."

ವಾಪಸು ಬರುವಾಗ, ಕಾರ್ಖಾನೆಗಳಿಗೆ ಸಾಮಾನು ಸಾಗಿಸುವ ಮಲ್ಲೇಶನನ್ನು ನಿಲ್ಲಿಸಿ ಮಾತಾಡಿಸಿದಳು. ಅವನ ಪುಟ್ಟ ಗೂಡ್ಸ್ ಗಾಡಿಯ ಬಾಗಿಲು ತೆರೆದು ಕೂತು ನೋಡಿದಳು. ಮಂಚದ ಮೇಲೆ ಕೂತಷ್ಟು ಸಲೀಸಾಗಿತ್ತು.

ಶನಿವಾರ ಸಂಜೆ ಜೀಪು ಬಂತು. ವಿದ್ಯಾನಗರದ ಆ ರಸ್ತೆಯಲ್ಲಿ ಅದು ಬೇರೆಯವರ ಮದುವೆಗೆ ಬಂದು ವೇದಿಕೆ ಹತ್ತಿದವನಂತೆ ನಿಂತಿತ್ತು. ಪ್ರಸನ್ನಕುಮಾರನೂ ಇನ್ನಿಬ್ಬರು ಬ್ರದರ್‌ಗಳೂ ಸುತ್ತ ತಿರುಗಿ ಚಕ್ರಕ್ಕೆ ಒದ್ದು ನೋಡಿದರು. ಒದ್ದರೆ ಏನು ತಿಳಿಯುತ್ತದೋ, ಆ ದೇವರೇ ಬಲ್ಲ. ಸಂಜಯ ಒಳಗಿನಿಂದ ಕೆಂಪು ಪ್ಲಾಸ್ಟಿಕ್ ಸ್ಟೂಲು ತಂದು ಬಾಗಿಲ ಕೆಳಗಿಟ್ಟ.

"ಬಾಮ್ಮಾ, ಒಂದ್ಸಲ ಹತ್ತಿ ನೋಡು. ನಾನು ಕೈ ಹಿಡ್ಕೋತೀನಿ."

ಸುವರ್ಣಮ್ಮ ನಿಧಾನಕ್ಕೆ ಬಂದು ಆ ಸ್ಟೂಲನ್ನೆತ್ತಿ ಮಗನ ಕಾಲ ಬಳಿ ಇಟ್ಟಳು.

"ನೀನೇ ನಿಂತ್ಕೋ ಇದ್ರ ಮೇಲೆ. ಎತ್ತರ ಕಾಣ್ಬೇಕು ಅನ್ನೋದೇ ಆಗಿದ್ರೆ ಇಷ್ಟ್ರಲ್ಲೇ ಮುಗೀತಿತ್ತು."

ಪ್ರಸನ್ನಕುಮಾರ್ ಕಿಸಕ್ಕನೆ ನಕ್ಕ. ಸಂಜಯನ ಮುಖ ಕಪ್ಪಿಟ್ಟಿತು. ಆಕೆ ಒಳಗೆ ಹೋಗಿ ಸೋಮವಾರಕ್ಕೆ ಬೇಕಾಗುವ ಬೇಳೆ ಆರಿಸಲು ಕೂತಳು.

ಸೋಮವಾರ ಎಂಟು ಗಂಟೆಗೆ ಮಲ್ಲೇಶನ ಗಾಡಿ ಮನೆಯ ಮುಂದೆ ನಿಂತಿತ್ತು. ಕೊಳಗಗಳು ಹಿಂದಕ್ಕೇರಿದವು. ಸುವರ್ಣಮ್ಮ ಯಾರ ಕೈಯನ್ನೂ ಹಿಡಿಯದೆ ಕೂತಳು. ಲಿಖಿತಾ ಒಮ್ಮೆ ಜೀಪಿನತ್ತ ನೋಡಿದಳು, ಒಮ್ಮೆ ತನ್ನ ಸೀರೆಯ ನೆರಿಗೆ ನೋಡಿಕೊಂಡಳು.

"ಸ್ವಲ್ಪ ಸರೀರಿ ಅತ್ತೆ. ಸೀರೆ ಉಟ್ಕೊಂಡು ಆ ಅಟ್ಟ ಹತ್ತಕ್ಕಾಗಲ್ಲ. ಮಾಚೇನಹಳ್ಳೀಲಿ ಬಸ್ ಹಿಡೀತೀನಿ."

ಎಂಆರ್‌ಎಸ್ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ಪಕ್ಕಕ್ಕೆ ಜೀಪು ಬಂದು ಎರಡು ಸಲ ಕುಪ್ಪಳಿಸಿ ನಿಂತಿತು. ಅಷ್ಟು ಮೇಲಿನಿಂದ ಸಂಜಯ ಬಗ್ಗಿ ನೋಡಿದ. ಮೂರು ಕಿಲೋಮೀಟರಿಗೇ ಅವನ ಒಂದು ಕೈ ಸೊಂಟಕ್ಕೆ ಹೋಗಿತ್ತು. ಪಕ್ಕದ ಸೀಟಿನಲ್ಲಿ ಆ ಕೆಂಪು ಸ್ಟೂಲು ಅಂಗಾತ ಬಿದ್ದಿತ್ತು.

"ಅಮ್ಮಾ, ಸುಮ್ನೆ ಹಠ ಮಾಡ್ಬೇಡ," ಎಂದು ಕೂಗಿದ. ಆಮೇಲೆ ದನಿ ತಗ್ಗಿಸಿ, "ಎರಡಿಂಚಿಗೆ ಇಳಿಸ್ಕೊಂಡು ಬರ್ತೀನಿ ಬಿಡು. ಇವತ್ತೇ ಕಾಂತರಾಜ್ ಹತ್ರ ಹೋಗ್ತೀನಿ," ಎಂದ.

ಸುವರ್ಣಮ್ಮ ತಲೆ ಎತ್ತಿ ಮಗನ ಮುಖ ನೋಡಿದಳು. ಕುತ್ತಿಗೆ ನೋಯುವಷ್ಟು ಎತ್ತಬೇಕಾಯಿತು.

"ಹೋಗು. ಆದ್ರೆ ದಿನಾ ಗಾಡೀಲಿ ಯಾರ್ಯಾರು ಅಂತ ಅವನು ಮತ್ತೆ ಕೇಳ್ತಾನೆ. ಈ ಸಲ ಏನು ಬರೆಸ್ತೀಯ ಅಂತ ಯೋಚ್ನೆ ಮಾಡ್ಕೊಂಡು ಹೋಗು."

ಸಂಜಯನ ಕಣ್ಣು ಪಕ್ಕದ ಸೀಟಿನ ಸ್ಟೂಲಿನ ಮೇಲೆ ಹೋಯಿತು. ಲಿಖಿತಾ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಹಸಿರು ದೀಪ ಬಿತ್ತು, ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ, ಜೀಪು ಮಾತ್ರ ಕದಲಲಿಲ್ಲ.

"ಹೊರಡು ಮಲ್ಲೇಶ," ಎಂದಳು ಸುವರ್ಣಮ್ಮ. "ಅನ್ನಕ್ಕೆ ಎಸರಿಡ್ಬೇಕು."