ಮುಖದ ತಗಡಿನ ಹಿಂದೆ

ಗಡಿಯಾರ ರಿಪೇರಿದಾರರ ಸಂಘದ ಮೊದಲ ವರ್ಷದ ವರದಿಯನ್ನು ಬರೆದವನು ನಾನು, ಸಭೆಯಲ್ಲಿ ಓದಿದವನೂ ನಾನೇ. ಓದಿ ಮುಗಿಸುವ ಮೊದಲೇ ನನ್ನನ್ನು ಕೂರಿಸಿದರು. ಈ ಜಯದೇವಪ್ಪನಿಗೆ ತಲೆ ಕೆಟ್ಟಿದೆ ಎಂದು ಚಿಕ್ಕಮಗಳೂರಿನ ಪೇಟೆಯಲ್ಲಿ ಇವತ್ತಿಗೂ ಹೇಳಿಕೊಂಡು ತಿರುಗುವವರಿದ್ದಾರೆ. ಕೆಟ್ಟಿದ್ದು ನಿಜ. ಅವತ್ತು ಕೆಡದೆ ಉಳಿದ ತಲೆಗಳಲ್ಲಿ ಏನಿತ್ತು ಅಂತ ನಾನು ಕೇಳುತ್ತೇನೆ.

೧೯೪೨ರ ಸೆಪ್ಟೆಂಬರಿನಲ್ಲಿ ಸರ್ಕಾರ ಯುದ್ಧದ ಹೆಸರು ಹೇಳಿ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಸೂರ್ಯ ನೆತ್ತಿಯ ಮೇಲಿದ್ದರೆ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಹೊಸ ಟೈಮು, ಹಳೇ ಟೈಮು ಎಂದು ಅಂಗಡಿ ಅಂಗಡಿಯಲ್ಲೂ ಜಗಳ. ಆ ಗೊಂದಲದಲ್ಲಿ ಹುಟ್ಟಿದ್ದು ನಮ್ಮ ಸಂಘ. ಚಿಕ್ಕಮಗಳೂರಿನ ನಾಲ್ವರು, ಆಲ್ದೂರು, ಮೂಡಿಗೆರೆ, ಕಳಸದಿಂದ ಒಬ್ಬೊಬ್ಬರು. ನಾನು ಕಾರ್ಯದರ್ಶಿ. ಅಧ್ಯಕ್ಷರು ಯಜ್ಞನಾರಾಯಣರು, ನನಗೆ ಈ ಕಸುಬು ಕಲಿಸಿದ ಗುರುಗಳು.

ಕಸುಬಿನ ಜೊತೆಗೆ ಅವರು ಒಂದು ಕಟ್ಟಳೆಯನ್ನೂ ಕಲಿಸಿದ್ದರು. ಗಡಿಯಾರಕ್ಕೆ ಕೈ ಹಾಕಿದವನು ಅದರ ಮುಖದ ತಗಡನ್ನು ಬಿಚ್ಚಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನೂ ತಿಂಗಳು ವರ್ಷವನ್ನೂ ಸೂಜಿಯಿಂದ ಗೀಚಬೇಕು. ಮರೆತರೆ ತಲೆಗೆ ಮೊಟಕುತ್ತಿದ್ದರು. "ಮುಟ್ಟಿದ್ದನ್ನ ಒಪ್ಕೊಳ್ಳದವ ಕಸುಬುದಾರ ಅಲ್ಲ ಮಾರಾಯ, ಕಳ್ಳ" ಎನ್ನುತ್ತಿದ್ದರು.

ಆ ವರ್ಷ ನಾವು ಮಾಡಿದ ಕೆಲಸವೇನೂ ಕಡಿಮೆಯಲ್ಲ. ತಾರು ಕಚೇರಿಗೆ ಬರುವ ಸರಿ ಸಮಯವನ್ನು ದಿನವೂ ಪೇಟೆಗೆ ಹಂಚಿದೆವು. ಕೋರ್ಟಿನ ಗಡಿಯಾರವನ್ನು ಪುಕ್ಕಟೆಯಾಗಿ ತೊಳೆದು ಕೊಟ್ಟೆವು. ಆಲ್ದೂರಿನ ಸಂತೆಯಲ್ಲಿ ನಿಂತು, ಸ್ಪ್ರಿಂಗು ಮುರಿಯದ ಹಾಗೆ ಕೀಲಿ ಕೊಡುವುದನ್ನು ತೋರಿಸಿದೆವು. ಎಲ್ಲಕ್ಕಿಂತ ದೊಡ್ಡದು, ಕಾಫಿ ಕೊಯ್ಲಿಗೆ ಮೊದಲು ಎಸ್ಟೇಟುಗಳ ಗಡಿಯಾರಗಳಿಗೆ ಮುದ್ರೆ ಹಾಕಿದ್ದು. ಲೋಲಕದ ಗುಂಡಿನ ಕೆಳಗೆ ಒಂದು ತಿರುಪು ಇರುತ್ತದೆ. ಅದನ್ನು ಇಳಿಸಿದರೆ ಗುಂಡು ಜಾರಿ ಗಡಿಯಾರ ನಿಧಾನವಾಗುತ್ತದೆ, ಏರಿಸಿದರೆ ಚುರುಕಾಗುತ್ತದೆ. ನಾವು ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ಮತ್ತೆ ಯಾರೂ ತಿರುಗಿಸದಂತೆ ಅರಗು ಹಾಕಿ, ಸಂಘದ ಮುದ್ರೆ ಒತ್ತುತ್ತಿದ್ದೆವು. ಮುದ್ರೆ ಇರುತ್ತಿದ್ದದ್ದು ಅಧ್ಯಕ್ಷರ ಪೆಟ್ಟಿಗೆಯಲ್ಲಿ. ತಿಂಗಳಿಗೊಮ್ಮೆ ಕಾರ್ಯದರ್ಶಿ ಹೋಗಿ ತಪಾಸಣೆ ಮಾಡತಕ್ಕದ್ದು ಎಂದು ನಡಾವಳಿ ಪುಸ್ತಕದಲ್ಲಿ ನಾನೇ ಬರೆದೆ.

ಯುಗಾದಿಗೆ ಹತ್ತು ದಿನವಿದೆ ಎನ್ನುವಾಗ ಗುರುವಯ್ಯ ನನ್ನ ಅಂಗಡಿಗೆ ಬಂದ. ಬಾಳೂರಿನ ಹತ್ತಿರ ಕಲ್ಲುಹಿತ್ಲು ಎಸ್ಟೇಟಿನಲ್ಲಿ ಗಂಟೆ ಹೊಡೆಯುವವನು, ಲೈನು ಎಂದು ಕರೆಯುವ ಆಳುಗಳ ಸಾಲುಮನೆಯಲ್ಲಿ ಇರುವವನು. ಬೆಳಿಗ್ಗೆ ಏಳಕ್ಕೆ ಕೆಲಸ ಹಿಡಿಯುವ ಗಂಟೆ, ಸಂಜೆ ಐದಕ್ಕೆ ಬಿಡುವ ಗಂಟೆ. ಆ ಎಸ್ಟೇಟಿನ ಗಡಿಯಾರಕ್ಕೆ ನವೆಂಬರಿನಲ್ಲಿ ಅರಗು ಹಾಕಿ ಬಂದವನು ನಾನು. ಅವನು ಬೆಂಚಿನ ಮೇಲೆ ಕೂರಲಿಲ್ಲ.

"ಲೈನಲ್ಲಿ ಯಾರೂ ನನ್ನ ಮಾತಾಡ್ಸಲ್ಲ ಅಯ್ಯಾ. ಕಳಸದ ಬಸ್ಸು ಐದಕ್ಕೆ ಹೋಗ್ತದೆ. ಬಸ್ಸು ಹೋಗಿ ಎಷ್ಟೋ ಹೊತ್ತಿಗೆ ನಾ ಗಂಟೆ ಹೊಡಿತೀನಂತೆ. ಧಣಿಗಳ ಹತ್ರ ಲಂಚ ತಿಂದೀನಂತೆ. ನನ್ನ ಹೆಂಡ್ತಿ ಅಣ್ಣಮ್ಮ ಬಾವಿಗೆ ಹೋದ್ರೆ ಹಗ್ಗ ಎಳ್ಕೊಂಡು ಬಿಡ್ತಾರೆ."

"ಧಣಿಗಳಿಗೆ ಹೇಳ್ಲಿಲ್ವಾ?"

"ಹೆಂಗಸರು ಗಲಾಟೆ ಮಾಡಿದ್ಕೆ, ಗಡಿಯಾರಕ್ಕೆ ಸಂಘದ ಮುದ್ರೆ ಇದೆ, ತಪ್ಪು ಗುರುವಯ್ಯಂದೇ ಅಂದ್ಬಿಟ್ರು. ಯುಗಾದಿ ಕಳೆದ ಮೇಲೆ ಲೈನಿನ ಮನೆ ಬಿಡ್ಬೇಕಂತೆ. ನಾ ಮುಳ್ಳು ನೋಡಿ ಹೊಡಿಯೋನು. ಅದ್ಬಿಟ್ಟು ನಂಗೇನು ಗೊತ್ತು?"

ಮಾರನೇ ದಿನ ಮೂಡಿಗೆರೆಯಿಂದ, ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಹೋದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಶಂಕರ ಮೊದಲು ಗಡಿಯಾರದ ಹತ್ತಿರ ಬಿಡಲೇ ಇಲ್ಲ. "ದಿನಾ ಬೆಳಿಗ್ಗೆ ಧಣಿಗಳ ವಾಚು ನೋಡಿ ನಾನೇ ಮುಳ್ಳು ಸರಿ ಮಾಡ್ತೀನಿ. ಕೆಟ್ಟಿರೋದು ಇದಲ್ಲ, ಆ ಇದ್ದಿಲು ಬಸ್ಸು" ಎಂದ. ತಪಾಸಣೆ ಎಂದು ಜೋರು ಮಾಡಿದ ಮೇಲೆ ದಾರಿ ಬಿಟ್ಟ.

ಅರಗು ಸ್ವಲ್ಪವೂ ಬಿರಿದಿರಲಿಲ್ಲ. ಮುದ್ರೆ ಅಚ್ಚುಕಟ್ಟಾಗಿತ್ತು. ಆದರೆ ಗುಂಡು ನಾನು ನಿಲ್ಲಿಸಿದ್ದಕ್ಕಿಂತ ಮುಕ್ಕಾಲು ಅಂಗುಲ ಕೆಳಗಿತ್ತು. ನನ್ನ ಜೇಬುಗಡಿಯಾರ ಹಿಡಿದು ಒಂದು ಗಂಟೆ ಹೊತ್ತು ಕೂತೆ. ಎರಡು ನಿಮಿಷ ಹಿಂದೆ ಬಿತ್ತು. ಏಳರಿಂದ ಐದರವರೆಗೆ ಹತ್ತು ಗಂಟೆ, ಇಪ್ಪತ್ತು ನಿಮಿಷ. ಬೆಳಿಗ್ಗೆ ರೈಟರು ಸರಿ ಮಾಡುತ್ತಾನೆ, ಸಂಜೆಯ ಹೊತ್ತಿಗೆ ಮತ್ತೆ ಇಪ್ಪತ್ತು ನಿಮಿಷ. ಇನ್ನೂರು ಆಳಿನಿಂದ ದಿನವೂ ಇಪ್ಪತ್ತು ನಿಮಿಷ ಕಿತ್ತುಕೊಳ್ಳುತ್ತಿದ್ದರು, ಅದೂ ನಮ್ಮ ಸಂಘದ ಮುದ್ರೆ ಹೊಡೆದು.

ಮೈಯೆಲ್ಲ ಉರಿಯಿತು. ಮುಖದ ತಗಡು ಬಿಚ್ಚಿ ತಿರುಗಿಸಿದೆ. ಹಿಂದೆ ನನ್ನ ಗೀಚು ಇತ್ತು: ಜ, ನವೆಂಬರ್ ೪೨. ಅದರ ಕೆಳಗೆ ಇನ್ನೊಂದು, ಹದಿನೈದು ವರ್ಷದಿಂದ ನಾನು ನೋಡುತ್ತ ಬಂದ ಮುದ್ದಾದ ಅಕ್ಷರದಲ್ಲಿ: ಯ, ಜನವರಿ ೪೩.

ಗುಂಡು ಇಳಿಸುವುದಕ್ಕೆ ಮುಖ ಬಿಚ್ಚುವ ಅಗತ್ಯವೇ ಇಲ್ಲ. ನಾಲ್ಕು ತಿರುಪು ತೆಗೆದು, ತಗಡು ಬಿಚ್ಚಿ, ಗೀಚಿ, ಮತ್ತೆ ಕೂರಿಸಿದ್ದಾರೆ. ಮೋಸ ಮಾಡುವಾಗಲೂ ಕಟ್ಟಳೆ ತಪ್ಪಿಸಲಿಲ್ಲ ಪುಣ್ಯಾತ್ಮರು. ಆ ತಗಡನ್ನು ವಸ್ತ್ರದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಶಂಕರ ಕೂಗುತ್ತಲೇ ಇದ್ದ. ಗೋಡೆಯ ಮೇಲೆ ಮುಖವಿಲ್ಲದ ಗಡಿಯಾರ ಓಡುತ್ತಿತ್ತು.

ಗುರುಗಳ ಮನೆಗೆ ನೇರ ಹೋಗಿ ತಗಡನ್ನು ಅವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು.

"ಬಿಚ್ಚಿದ್ದು ನಾನೇ. ಅದಕ್ಕೇ ಗೀಚಿದೀನಿ" ಎಂದರು.

"ನಾಚಿಕೆ ಆಗಲ್ವಾ ಗುರುಗಳೇ?"

"ಕೂಗಬೇಡ. ಆ ಧಣಿಗಳು ಸಂಘದ ಕಟ್ಟಡಕ್ಕೆ ಜಾಗ ಕೊಡ್ತಾರೆ. ಯಾರ ಜಗಲಿ ಮೇಲೆ ಎಷ್ಟು ದಿನ ಸಭೆ ಮಾಡೋದು? ಇಪ್ಪತ್ತು ನಿಮಿಷಕ್ಕೆ ಯಾರೂ ಸಾಯಲ್ಲ ಮಾರಾಯ."

"ಗುರುವಯ್ಯನ ಮನೆ ಹೋಗ್ತಿದೆ."

"ಅವನ್ಯಾರು?" ಎಂದರು. ನಟನೆಯಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಅವರ ಮೇಲೆ ಉಳಿದಿದ್ದ ಗೌರವವೆಲ್ಲ ಅಲ್ಲಿಗೆ ಮುಗಿಯಿತು.

ಸಂಘದ ಲೆಕ್ಕದ ವರ್ಷ ಯುಗಾದಿಗೆ ಮುಗಿಯುತ್ತಿತ್ತು; ಅದಕ್ಕೆ ಎರಡು ದಿನ ಮೊದಲು ವಾರ್ಷಿಕ ಸಭೆ. ಮುಖ್ಯ ಅತಿಥಿ ಯಾರು? ಅದೇ ಧಣಿ, ಜರಿ ಪೇಟ ಸುತ್ತಿಕೊಂಡು. ತಾರು ಕಚೇರಿ ಓದಿದೆ, ಕೋರ್ಟು ಓದಿದೆ, ಆಲ್ದೂರು ಓದಿದೆ, ಎಲ್ಲದಕ್ಕೂ ಚಪ್ಪಾಳೆ ಬಿತ್ತು. ಕಲ್ಲುಹಿತ್ಲು ಎಂದು ಬಾಯಿ ತೆರೆದು ತಗಡನ್ನು ಎತ್ತಿ ಹಿಡಿದಾಗ ಕಳಸದವನು ನನ್ನ ಕೈಯಿಂದ ಕಾಗದ ಕಿತ್ತುಕೊಂಡ. ಮೂಡಿಗೆರೆಯವನು ಅಂಗಿ ಹಿಡಿದು ಕೂರಿಸಿದ. ಮನೆಯ ಮಾತನ್ನು ಬೀದಿಗೆ ತರಬಾರದಂತೆ. ಯಜ್ಞನಾರಾಯಣರು ತಲೆ ಎತ್ತಲಿಲ್ಲ. ಧಣಿ ಎಲೆಯಡಿಕೆ ಹಾಕಿಕೊಂಡು ಕಾರು ಹತ್ತಿದ. ಆರು ಜನರಲ್ಲಿ ಒಬ್ಬನಾದರೂ ತಗಡನ್ನು ಕೈಗೆ ತೆಗೆದುಕೊಂಡು ನೋಡಲಿಲ್ಲ. ಥೂ! ನನ್ನ ಜನ.

ಗುರುವಯ್ಯನನ್ನು ಸಾಕ್ಷಿಗೆಂದು ಕರೆಸಿದ್ದೆ. ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದ.

"ಇವ್ರ ಮುಂದೆ ಓದಿ ನಂಗೇನಾಗ್ಬೇಕು ಅಯ್ಯಾ? ಲೈನಿಗೆ ಬಂದು ಓದಿ" ಎಂದ.

ಯುಗಾದಿಯ ದಿನ ಎಲ್ಲರಿಗೂ ರಜೆ. ಲೈನಿನ ಮುಂದಿನ ಅಂಗಳದಲ್ಲಿ ನಿಂತು, ಅಂಗಡಿಯಲ್ಲಿ ಉಳಿದಿದ್ದ ಇನ್ನೊಂದು ಪ್ರತಿ ಹಿಡಿದು, ಸಂಘದ ವಾರ್ಷಿಕ ವರದಿಯನ್ನು ಮೊದಲಿನಿಂದ ಓದಿದೆ. ತಾರು ಕಚೇರಿ ಅವರಿಗೆ ಬೇಕಿರಲಿಲ್ಲ, ಆದರೂ ಕೇಳಿದರು. ಕಲ್ಲುಹಿತ್ಲು ಬಂದಾಗ ಎಲ್ಲರೂ ಹತ್ತಿರ ಸರಿದರು. ಗುಂಡು, ಅರಗು, ಇಪ್ಪತ್ತು ನಿಮಿಷ, ತಗಡಿನ ಹಿಂದೆ ಕೆಳಗಿದ್ದ ಗುರುಗಳ ಗೀಚು, ಎಲ್ಲವನ್ನೂ ಬಿಡಿಸಿ ಹೇಳಿದೆ.

ಸಿದ್ದಗಂಗಮ್ಮ ಎದ್ದು ಬಂದಳು. ಬಾವಿಯ ಹಗ್ಗ ಎಳೆದುಕೊಳ್ಳುತ್ತಿದ್ದವಳು ಅವಳೇ ಎಂದು ಗುರುವಯ್ಯ ಹೇಳಿದ್ದ. ಅಕ್ಷರ ಬಾರದು. ತಗಡಿನ ಹಿಂದಿನ ಗೀಚುಗಳ ಮೇಲೆ ಬೆರಳಾಡಿಸಿದಳು.

"ಕೆಳಗಿಂದು ನಿಮ್ಮ ಗುರುಗಳದ್ದು. ಮೇಲಿಂದು ಯಾರ್ದು?"

"ನಂದು. ನಾನು ಸರಿಯಾಗೇ ಕೂರಿಸಿ ಹೋಗಿದ್ದೆ."

"ಹೋದ್ಮೇಲೆ ಮತ್ತೆ ಯಾವಾಗ ಬಂದ್ರಿ?"

ನಾನು ಕಾಗದ ಮಡಿಸತೊಡಗಿದೆ.

"ತಿಂಗ್ತಿಂಗಳು ಬರ್ಬೇಕು ಅಂತ ಈಗ ನೀವೇ ಓದಿದ್ರಲ್ಲ. ಡಿಸೆಂಬರಲ್ಲಿ ಬಂದ್ರಾ? ಸಂಕ್ರಾಂತಿಗೆ? ಶಿವರಾತ್ರಿಗೆ? ಒಂದ್ಸಲ ಬಂದಿದ್ರೆ ನಾವು ಈ ಮುದುಕನ್ನ ಇಷ್ಟು ಬೈತಿದ್ವಾ?"

ಚಿಕ್ಕಮಗಳೂರಿನಿಂದ ಬಾಳೂರಿಗೆ ದೂರ, ಬಸ್ಸಿಗೆ ಇದ್ದಿಲಿಲ್ಲ, ಅಂಗಡಿಯಲ್ಲಿ ಕೆಲಸ. ನೆಪಗಳೆಲ್ಲ ನಾಲಗೆಯ ತುದಿಗೆ ಬಂದವು. ಇಷ್ಟು ದಿನ ಊರಿನ ಮೇಲೆಲ್ಲ ಹಾರಾಡಿದ ಸಿಟ್ಟು ತಿರುಗಿ ನನ್ನ ಮೇಲೇ ಬಿತ್ತು. ನಡಾವಳಿ ಪುಸ್ತಕದಲ್ಲಿ ಪ್ರತಿ ತಿಂಗಳೂ "ತಪಾಸಣೆ ಆಯಿತು" ಎಂದು ಅಂಗಡಿಯಲ್ಲಿ ಕೂತೇ ಬರೆದವನು ನಾನು.

ಸಿದ್ದಗಂಗಮ್ಮ ಅಣ್ಣಮ್ಮನ ಬಾಗಿಲಿಗೆ ಹೋಗಿ, ಖಾಲಿ ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದಳು. ತುಂಬಿಕೊಂಡು ಬಂದು ಹೊಸ್ತಿಲ ಒಳಗೆ ಇಳಿಸಿ, "ಗುರುವಯ್ಯ ಈ ಮನೇಲಿದ್ದು ಗಂಟೆ ಹೊಡೆದ್ರೆ ನಾಳೆ ಬುಟ್ಟಿ ಎತ್ತೋದು. ಇಲ್ದಿದ್ರೆ ಯಾರೂ ಎತ್ತೋದು ಬೇಡ" ಎಂದಳು. ನಾನು ರಾತ್ರಿ ಅಲ್ಲೇ ಉಳಿದೆ. ಮಾರನೇ ದಿನ ಏಳಾಯಿತು, ಎಂಟಾಯಿತು, ಯಾರೂ ಕದಲಲಿಲ್ಲ. ಆ ವರ್ಷ ತಡವಾದ ಕಡೇ ಕೊಯ್ಲಿನ ಹಣ್ಣು ಗಿಡದಲ್ಲೇ ಒಣಗುತ್ತಿದ್ದ ಕಾಲ. ಒಂಬತ್ತಕ್ಕೆ ಶಂಕರ ಓಡಿ ಬಂದು, ಮನೆ ಬಿಡುವುದು ಬೇಡವಂತೆ ಎಂದು ಗುರುವಯ್ಯನ ಕೈಗೆ ಸುತ್ತಿಗೆ ಕೊಟ್ಟ. ಸಂಜೆ ನಾನು ಕೊಟ್ಟ ಜೇಬುಗಡಿಯಾರ ನೋಡಿ ಗುರುವಯ್ಯ ಐದಕ್ಕೆ ಸರಿಯಾಗಿ ಹೊಡೆದ. ಆ ಗಡಿಯಾರವನ್ನು ನಾನು ವಾಪಸು ಕೇಳಲಿಲ್ಲ.

ಎಸ್ಟೇಟಿನ ಗಡಿಯಾರದ ಹತ್ತಿರ ಹೋದಾಗ ಶಂಕರ ಈ ಸಲ ಅಡ್ಡ ಬರಲಿಲ್ಲ; ತಗಡನ್ನು ಮತ್ತೆ ಕೂರಿಸುವ ಮೊದಲು ಗುಂಡನ್ನು ಮೇಲಕ್ಕೇರಿಸಿದೆ. ಅರಗು ಹಾಕಲಿಲ್ಲ. ಆಮೇಲೆ ವರದಿಯ ಕಾಗದ ಬಿಡಿಸಿ ಕೊನೆಗೆ ಒಂದು ಸಾಲು ಸೇರಿಸಿದೆ: ಕಲ್ಲುಹಿತ್ಲು ಎಸ್ಟೇಟಿಗೆ ಕಾರ್ಯದರ್ಶಿಯು ಮಾಡಿದ ಮಾಸಿಕ ತಪಾಸಣೆ, ಒಂದೂ ಇಲ್ಲ. ಅದರ ಕೆಳಗೆ ಗುರುಗಳು ಕಲಿಸಿದ ಹಾಗೆಯೇ ಬರೆದೆ: ಜ, ಏಪ್ರಿಲ್ ೪೩.